ಜಾಲದ ಹಾಜರಿ ಪುಸ್ತಕ

(ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಕಳೆದ ಭಾನುವಾರ ಸಂಜೆ ಮಾಡಿದ ಭಾಷಣ)



ಈ ಸಭೆಗೆ ಎರಡು ಬಗೆಯ ಜನ ಬಂದಿದ್ದೀರಿ. ಬಾಗಿಲ ಕಡೆ ಕುಳಿತವರು ಗಿರಣಿಯ ಮೊದಲ ಪಾಳಿಯವರು. ಗೋಡೆಗೆ ಒರಗಿ ಕುಳಿತವರು ಪೇಟೆಯ ಅಂಗಡಿಗಳವರು. ಬೇರೆ ದಿನಗಳಲ್ಲಿ ನಿಮ್ಮ ಭೇಟಿಯಾಗುವುದು ಉದ್ರಿ ಪುಸ್ತಕದ ಈಚೆಗೊಬ್ಬರು ಆಚೆಗೊಬ್ಬರು ನಿಂತಾಗ. ಈ ಹೊತ್ತು ನಿಮ್ಮಿಬ್ಬರನ್ನೂ ಒಂದೇ ಮಾಡಿನ ಕೆಳಗೆ ಕೂಡಿಸಿದ್ದು "ನೆಟ್ ಇಲ್ಲ" ಎಂಬ ಎರಡು ಮಾತು.

ಗಿರಣಿಯ ಗೇಟಿನಲ್ಲಿ ಹಾಜರಿ ಯಂತ್ರಕ್ಕೆ ಬೆರಳೊತ್ತಿದರೆ "ಮತ್ತೆ ಪ್ರಯತ್ನಿಸಿ" ಎನ್ನುತ್ತದೆ. ಮತ್ತೆ ಒತ್ತಿದರೆ ಮತ್ತೆ ಅದೇ ಮಾತು. ಬೆನ್ನ ಹಿಂದೆ ಸಾಲು ಬೆಳೆಯುತ್ತದೆ, ಒಳಗೆ ಪಾಳಿಯ ಗಂಟೆ ಹೊಡೆಯುತ್ತದೆ, ಯಂತ್ರ ಕೊನೆಗೊಮ್ಮೆ ಒಪ್ಪಿಕೊಳ್ಳುವಾಗ ಆರು ಗಂಟೆಯ ಮೇಲೆ ಹತ್ತು ನಿಮಿಷವಾಗಿರುತ್ತದೆ. ತಿಂಗಳ ಕೊನೆಗೆ ಸಂಬಳದ ಚೀಟಿಯಲ್ಲಿ ಅರ್ಧ ದಿನ ಕಾಣೆ. ಐದೂವರೆಗೇ ಬಂದು ಗೇಟಿನ ಮುಂದೆ ನಿಂತಿದ್ದವನಿಗೆ ತಡವಾಗಿ ಬರುವವನೆಂಬ ಬಿರುದು ಬೇರೆ.

ಪೇಟೆಯ ಕಥೆಯೂ ಇದರ ತಮ್ಮನೇ. 2016ರಲ್ಲಿ ಯುಪಿಐ ಬಂದ ಮೇಲೆ ಚಿಲ್ಲರೆಯ ಜಗಳ ತೀರಿತೆಂದುಕೊಂಡಿದ್ದೆವು. ತೀರಿತು, ನಿಜ, ಹೊಸ ಜಗಳ ಹುಟ್ಟಿತು. ಗಿರಾಕಿ ಅರ್ಧ ಕೆ.ಜಿ. ತೊಗರಿ ಬೇಳೆ ಕಟ್ಟಿಸಿಕೊಂಡು ಫೋನನ್ನು ಚೀಟಿಯ ಮುಂದೆ ಹಿಡಿಯುತ್ತಾನೆ. ಚಕ್ರ ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ. "ಕಳಿಸಿದ್ದೇನೆ" ಎಂದು ಅವನು, "ಬಂದಿಲ್ಲ" ಎಂದು ಇವರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೂ ಹತ್ತು ವರ್ಷದ ಗಿರಾಕಿ ಮುಖ ತಿರುಗಿಸಿಕೊಂಡು ಹೋಗುತ್ತಾನೆ.

ಇದನ್ನು ಕುರಿತು ನಾವು ಸುಮ್ಮನೆ ಕೂತಿರಲಿಲ್ಲ. ಗಿರಣಿಯ ಆಫೀಸಿಗೆ ಅರ್ಜಿ ಕೊಟ್ಟೆವು. ಪೇಟೆಗೆ ಸಂಪರ್ಕ ಕೊಟ್ಟ ಕಂಪನಿಗೂ ಕೊಟ್ಟೆವು. ಎರಡೂ ಕಡೆಯಿಂದ ಮಾತು ಕೂಡಿಸಿಕೊಂಡಂತೆ ಒಂದೇ ಉತ್ತರ ಬಂತು: ನಮ್ಮಲ್ಲಿ ಎಲ್ಲವೂ ಸರಿಯಾಗಿದೆ, ಯಾವ ದಿನ, ಯಾವ ಹೊತ್ತಿನಲ್ಲಿ, ಎಷ್ಟು ನಿಮಿಷ ನಿಂತಿತ್ತೆಂಬುದನ್ನು ತಿಳಿಸಿರಿ.

ಓದಿದೊಡನೆ ನಮಗೆ ಸಿಟ್ಟು ಬಂತು. ರಾತ್ರಿ ಮಲಗಿ ಯೋಚಿಸಿದಾಗ ನಾಚಿಕೆಯೂ ಬಂತು. ಕೇಳಿದ ಪ್ರಶ್ನೆ ನ್ಯಾಯವಾಗಿತ್ತು; ಉತ್ತರ ನಮ್ಮಲ್ಲಿರಲಿಲ್ಲ. "ದಿನಾ ಹೋಗುತ್ತೆ ಸ್ವಾಮಿ" ಎಂಬುದೇ ನಮ್ಮ ಸಾಕ್ಷ್ಯ. ದಿನಾ ಹೋಗುವುದೆಂದರೆ ಎಷ್ಟು? ಸೋಮವಾರ ಹೋಯಿತೆ? ಎಷ್ಟು ಹೊತ್ತಿಗೆ? ಒಬ್ಬರು ಆರಕ್ಕೆ ಎಂದರು, ಮತ್ತೊಬ್ಬರು ಏಳಕ್ಕೆ ಎಂದರು, ಮೂರನೆಯವರು ದಿನವಿಡೀ ಎಂದರು. ಇಂಥ ಅರ್ಜಿಯನ್ನು ತಿರಸ್ಕರಿಸಲು ದೊಡ್ಡ ಜಾಣ್ಮೆ ಬೇಕಿಲ್ಲ.

ನಾವು ಪಕ್ಷದ ಕೆಲಸಕ್ಕೆ ಬರುವ ಮೊದಲು ಮೇಷ್ಟರಾಗಿದ್ದವರು. ಓದು ಮೆಟ್ರಿಕ್ಕಿಗೇ ನಿಂತಿತು. ಆದರೆ ಹಾಜರಿ ಪುಸ್ತಕ ಹಿಡಿಯುವುದನ್ನು ಚೆನ್ನಾಗಿ ಕಲಿತಿದ್ದೆವು. ಬೆಳಿಗ್ಗೆ ಗಂಟೆ ಹೊಡೆದೊಡನೆ ಹೆಸರು ಕೂಗುವುದು, "ಹಾಜರ್ ಸಾರ್" ಎಂದರೆ ಒಂದು ಗುರುತು, ಉತ್ತರ ಬರದಿದ್ದರೆ ಇನ್ನೊಂದು ಗುರುತು. ವರ್ಷದ ಕೊನೆಗೆ ತಂದೆ ಬಂದು "ನಮ್ಮ ಹುಡುಗ ದಿನಾ ಬರುತ್ತಿದ್ದ" ಎಂದರೆ ಪುಸ್ತಕ ತೆರೆದು ತೋರಿಸಿದರಾಯಿತು. ಮಾತಿಗೆ ಮಾತು ಬೆಳೆಯುವುದಿಲ್ಲ. ಜಾಲಕ್ಕೂ ಹೀಗೆಯೇ ಹೆಸರು ಕೂಗಿ ಹಾಜರಿ ತೆಗೆದರೆ ಹೇಗೆ ಎಂಬುದು ಅಂದು ನಮಗೆ ಹೊಳೆದದ್ದು. ಈ ಕೆಲಸಕ್ಕೆ ಹೊಸ ಶೋಧವೇನೂ ಬೇಡ, ಲೋಕದಲ್ಲೆಲ್ಲ ಮಾಡುತ್ತಾರೆ ಎಂದು ಆಮೇಲೆ ತಿಳಿಸಿದವನು ನಮ್ಮ ಪೇಟೆಯಲ್ಲೇ ಮೊಬೈಲ್ ರಿಪೇರಿ ಮಾಡುವ ಹುಡುಗ. ಅವನೇ ನಮ್ಮ ಗುರು. ಗುರುದಕ್ಷಿಣೆ ಇನ್ನೂ ಬಾಕಿ ಇದೆ, ಇಲ್ಲೇ ನಿಂತು ನಗುತ್ತಿದ್ದಾನೆ.

ಮೊದಲು ಈ ನಿಸ್ತಂತು ಜಾಲವೆಂಬುದೇನೆಂದು ಎರಡು ಮಾತು. ವೈಫೈ ಎಂದು ನಾವೆಲ್ಲ ಕರೆಯುವುದು ರೇಡಿಯೋ ಅಲೆಗಳ ಮೂಲಕ ನಡೆಯುವ ಮಾತುಕತೆಯನ್ನು. 1971ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದವರು ದ್ವೀಪದಿಂದ ದ್ವೀಪಕ್ಕೆ ತಂತಿ ಎಳೆಯುವ ಬದಲು ಗಣಕಯಂತ್ರಗಳನ್ನು ರೇಡಿಯೋದಿಂದ ಕೂಡಿಸಿದರು. 1997ರಲ್ಲಿ ಈಗಿನ ವೈಫೈಯ ನಿಯಮಾವಳಿ ಮೊದಲ ಸಲ ಹೊರಬಿತ್ತು. ನಮ್ಮ ದೇಶದಲ್ಲಿ 2005ರಲ್ಲಿ 2.4 ಗಿಗಾಹರ್ಟ್ಸ್ ಎಂಬ ಪಟ್ಟಿಯನ್ನು ಕಡಿಮೆ ಶಕ್ತಿಯ ಯಂತ್ರಗಳ ಮಟ್ಟಿಗೆ ಲೈಸೆನ್ಸಿನಿಂದ ಬಿಡುಗಡೆ ಮಾಡಿದರು. ಬಿಡುಗಡೆ ಎಂದರೆ ಗೋಮಾಳವಿದ್ದಂತೆ: ಯಾರ ದನವಾದರೂ ಮೇಯಬಹುದು, ನನ್ನ ದನಕ್ಕೆ ಹುಲ್ಲು ಸಿಗಲಿಲ್ಲವೆಂದು ಯಾರ ಮೇಲೂ ದಾವೆ ಹೂಡುವಂತಿಲ್ಲ. ಆ ಅಲೆಯ ಉದ್ದ ಸುಮಾರು 12 ಸೆಂಟಿಮೀಟರು, ನಮ್ಮ ಲೆಕ್ಕದಲ್ಲಿ ಅರ್ಧ ಗೇಣು. ದಪ್ಪ ಕಲ್ಲುಗೋಡೆ ದಾಟುವಾಗ ಅದು ಬಸವಳಿಯುತ್ತದೆ. ನಮ್ಮ ಪೇಟೆಯ ಹಳೆಯ ಮಳಿಗೆಗಳೆಲ್ಲ ಕಲ್ಲಿನವು. ಮೊಬೈಲ್ ಗೋಪುರದ ಸಂಕೇತ ಅಲ್ಲಿ ಒಳಮನೆಗೆ ಬರುವುದಿಲ್ಲ. ಆದುದರಿಂದಲೇ ಅಲ್ಲವೆ ಸಾಲಿನ ಅಂಗಡಿಗಳವರೆಲ್ಲ ಮೂಲೆಯ ಕಿರಾಣಿ ಅಂಗಡಿಯ ವೈಫೈಯನ್ನು ನೆಚ್ಚಿಕೊಂಡದ್ದು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಸಣ್ಣ ಅಂಗಡಿಯವನೂ ಲೈಸೆನ್ಸ್ ಇಲ್ಲದೆ ಸಾರ್ವಜನಿಕ ವೈಫೈ ನಡೆಸಬಹುದು, ಇದು ಅಂಥದೊಂದು.

ಇನ್ನು ಸ್ಕ್ರಿಪ್ಟು. ನಾಟಕದ ಹಸ್ತಪ್ರತಿ ಎಂದೇ ನಮಗೂ ಮೊದಲು ತೋರಿತು. ಗಣಕಯಂತ್ರದ ಮಟ್ಟಿಗೆ ಅದು ಅಪ್ಪಣೆಗಳ ಚೀಟಿ. ಮಗನನ್ನು ಅಂಗಡಿಗೆ ಕಳಿಸುವಾಗ ತಾಯಿ ಹೇಳುವುದಿಲ್ಲವೆ: ಮೊದಲು ಮೂಲೆಯಂಗಡಿಯಲ್ಲಿ ಎಣ್ಣೆ ಕೇಳು, ಅಲ್ಲಿಲ್ಲದಿದ್ದರೆ ಮುಂದಿನ ಅಂಗಡಿಗೆ ಹೋಗು, ಚಿಲ್ಲರೆ ಎಣಿಸಿಕೋ, ಬಂದು ನನಗೆ ಹೇಳು. ಅಷ್ಟೇ. ಹುಡುಗನಿಗಾದರೆ ದಾರಿಯಲ್ಲಿ ಗೋಲಿಯಾಟ ಕಂಡೀತು. ಯಂತ್ರ ಬರೆದಷ್ಟನ್ನೇ, ಬರೆದ ಕ್ರಮದಲ್ಲೇ ಮಾಡುತ್ತದೆ. ನಮ್ಮ ಚೀಟಿ ನೋಟುಬುಕ್ಕಿನ ಒಂದು ಪುಟವನ್ನೂ ತುಂಬುವುದಿಲ್ಲ. ಅದನ್ನು ನಡೆಸಲು ಕೀಲು ಮುರಿದ ಒಂದು ಹಳೆಯ ಲ್ಯಾಪ್‌ಟಾಪು, ಅದರಲ್ಲಿ ದುಡ್ಡು ಕೊಡದೆ ಸಿಗುವ ಲಿನಕ್ಸ್ ವ್ಯವಸ್ಥೆ, ಇಷ್ಟಿದ್ದರೆ ಸಾಕು. ಅಂಗಡಿಯ ಮಾಲೀಕರ ಒಪ್ಪಿಗೆ ಪಡೆದು ಅವರ ವೈಫೈಗೇ ಸೇರಿಸಿ, ಸಾಲಿನ ನಡುವಣ ಮಳಿಗೆಯೊಂದರಲ್ಲಿ ಇಟ್ಟೆವು.

ಹೆಸರು ಕೂಗುವ ಕೆಲಸಕ್ಕೆ ಪಿಂಗ್ ಎಂಬ ಒಂದು ಉಪಕರಣವಿದೆ. ಅಮೆರಿಕದ ಮೈಕ್ ಮೂಸ್ ಎಂಬವರು 1983ರ ಡಿಸೆಂಬರಿನಲ್ಲಿ, ತಮ್ಮ ಜಾಲ ಕೈಕೊಡುತ್ತಿದ್ದುದಕ್ಕೆ ಕಾರಣ ಹುಡುಕಲು, ಒಂದೇ ಸಂಜೆಯಲ್ಲಿ ಬರೆದದ್ದು. ನೀರೊಳಗಿನ ಹಡಗುಗಳು ಶಬ್ದ ಬಿಟ್ಟು ಪ್ರತಿಧ್ವನಿಗೆ ಕಿವಿಗೊಡುವ ಕ್ರಮದಿಂದ ಆ ಹೆಸರು ಬಂತು. ಒಂದು ಪುಟ್ಟ ಪೊಟ್ಟಣ ಕಳಿಸುವುದು, ಆ ತುದಿಯವರು ಅದನ್ನೇ ಹಿಂದಿರುಗಿಸುವುದು, ಹೋಗಿ ಬರಲು ಹಿಡಿದ ಹೊತ್ತನ್ನು ಅಳೆಯುವುದು. "ಹಾಜರೆ?" "ಹಾಜರ್ ಸಾರ್."

ಆದರೆ ಯಾರ ಹೆಸರನ್ನು ಕೂಗಬೇಕು? ಇಲ್ಲಿಯೇ ಇರುವುದು ವಿಷಯದ ತಿರುಳು. ಬಹಳ ಜನ ಹೊರಗಿನ ಯಾವುದೋ ಒಂದು ವಿಳಾಸವನ್ನು ಕೂಗಿ, ಉತ್ತರ ಬರದಿದ್ದರೆ "ನೆಟ್ ಇಲ್ಲ" ಎಂದು ಬರೆದುಬಿಡುತ್ತಾರೆ. ಅದು ನಾವು ಮೊದಲೇ ಹೇಳುತ್ತಿದ್ದ ಮಾತು. ಅದಕ್ಕೆ ಯಂತ್ರ ಏತಕ್ಕೆ? ನಮ್ಮ ಚೀಟಿ ನಾಲ್ಕು ಪ್ರಶ್ನೆಗಳನ್ನು ಹತ್ತಿರದಿಂದ ದೂರಕ್ಕೆ ಕೇಳುತ್ತಾ ಹೋಗುತ್ತದೆ. ಈ ಲ್ಯಾಪ್‌ಟಾಪು ವೈಫೈ ಪೆಟ್ಟಿಗೆಗೆ ಸೇರಿಕೊಂಡಿದೆಯೆ, ಸಂಕೇತದ ಬಲ ಎಷ್ಟು? ಆ ಪೆಟ್ಟಿಗೆ, ಎಂದರೆ ರೌಟರು, ಕೂಗಿದರೆ ಓಗೊಡುತ್ತದೆಯೆ? ರೌಟರನ್ನು ದಾಟಿ ಹೊರಗಿನ ಲೋಕ ಓಗೊಡುತ್ತದೆಯೆ? ಇದಕ್ಕೆ 8.8.8.8 ಮತ್ತು 1.1.1.1 ಎಂಬ ಎರಡು ಸಾರ್ವಜನಿಕ ವಿಳಾಸಗಳನ್ನು ಕೂಗುತ್ತೇವೆ. ಒಬ್ಬರೇ ಸಾಕ್ಷಿ ಸಾಲದು, ಅವರೇ ಆ ದಿನ ರಜೆಯಲ್ಲಿರಬಹುದು. ಕೊನೆಯದಾಗಿ, ಅಂಕಿಯ ವಿಳಾಸವಲ್ಲದೆ ಹೆಸರು ಹೇಳಿದರೆ ಅದರ ಅಂಕಿಯನ್ನು ಹುಡುಕಿಕೊಡುವ ವ್ಯವಸ್ಥೆ ಕೆಲಸ ಮಾಡುತ್ತಿದೆಯೆ? ಇದು ಕೆಟ್ಟಾಗ ದಾರಿಯೆಲ್ಲ ತೆರೆದಿದ್ದರೂ ಮನೆ ಗುರುತು ಸಿಗದೆ ಟಪಾಲಿನವನು ಬೀದಿಯಲ್ಲೇ ನಿಂತಂತಾಗುತ್ತದೆ.

ಮೊದಲನೆಯ ಎರಡರಲ್ಲಿ ತಪ್ಪಿದರೆ ತೊಂದರೆ ನಮ್ಮ ಅಂಗಡಿಯ ಗೋಡೆಗಳ ನಡುವೆಯೇ ಇದೆ. ಕೊನೆಯ ಎರಡರಲ್ಲಿ ತಪ್ಪಿದರೆ ಕಂಪನಿಯ ಕಡೆಗೆ ಬೆರಳು ತೋರಿಸಬಹುದು. ಈ ಭೇದವನ್ನು ಬರೆಯದ ದಾಖಲೆ ಸಂಧಾನದ ಮೇಜಿನ ಮೇಲೆ ಎರಡು ನಿಮಿಷ ನಿಲ್ಲುವುದಿಲ್ಲ.

ಸಂಕೇತದ ಬಲದ ಅಂಕಿ ಋಣ ಚಿಹ್ನೆಯೊಂದಿಗೆ ಬರುತ್ತದೆ, ಗಾಬರಿಯಾಗಬೇಡಿ. ಋಣ 50 ಎಂದರೆ ಬಹಳ ಚೆನ್ನ, ಋಣ 67ರವರೆಗೆ ಪರವಾಗಿಲ್ಲ, ಋಣ 80 ದಾಟಿದರೆ ಕಷ್ಟ. ಸಾಲದ ಹಾಗೆಯೇ: ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು.

ಪ್ರತಿ ನಿಮಿಷವೂ ಈ ಚೀಟಿಯನ್ನು ಎತ್ತಿ ನಡೆಸುವವನು ಕ್ರಾನ್ ಎಂಬ ಇನ್ನೊಬ್ಬ ಸೇವಕ, ಶಾಲೆಯಲ್ಲಿ ಗಂಟೆ ಹೊಡೆಯುವ ಜವಾನನಿದ್ದಂತೆ. ದಿನಕ್ಕೆ 1440 ನಿಮಿಷ, 1440 ಸಾಲು. ಒಂದೊಂದು ಸಾಲಿನಲ್ಲೂ ತಾರೀಖು, ಗಂಟೆ, ನಾಲ್ಕು ಉತ್ತರ. ವರ್ಷವಿಡೀ ಬರೆದರೂ ಮದುವೆಯ ಒಂದು ಸಣ್ಣ ವಿಡಿಯೋ ಹಿಡಿಯುವಷ್ಟು ಜಾಗ ಬೇಡ. ಒಂದೇ ಸಲ ಕೂಗಿ ಉತ್ತರ ಬರಲಿಲ್ಲವೆಂದು ಗೈರುಹಾಜರಿ ಹಾಕುವುದು ಅನ್ಯಾಯ. ಹುಡುಗ ಬಗ್ಗಿ ಬಳಪ ಎತ್ತಿಕೊಳ್ಳುತ್ತಿರಬಹುದು. ಮೂರು ಸಲ ಕೂಗಿ, ಒಂದೊಂದಕ್ಕೂ ಎರಡು ಸೆಕೆಂಡು ಕಾದು, ಮೂರೂ ತಪ್ಪಿದರೆ ಮಾತ್ರ "ಇಲ್ಲ" ಎಂದು ಬರೆಯುತ್ತದೆ.

ವರ್ತಕ ಮಿತ್ರರಿಗೆ ಇದನ್ನು ಬೇರೆ ಮಾತಿನಲ್ಲಿ ಹೇಳಬೇಕಾಗಿಲ್ಲ. ಇದು ಕಿರ್ದಿ. ಆದದ್ದನ್ನು ಆದ ಹೊತ್ತಿಗೆ ಬರೆಯುವುದು. ಭಾನುವಾರ ಕೂತು ಯಾವ ತಪ್ಪು ಎಷ್ಟು ನಿಮಿಷ ಎಂದು ವಿಂಗಡಿಸಿದರೆ ಅದು ಖತಾವಣಿ.

ಇನ್ನು ನಾವು ಮಾಡಿದ ತಪ್ಪುಗಳನ್ನು ಹೇಳಬೇಕು, ಏಕೆಂದರೆ ನೀವೂ ಅವನ್ನೇ ಮಾಡುವಿರಿ. ನಮ್ಮ ಮೊದಲ ಚೀಟಿ ಜಾಲ ಬಿದ್ದಾಗ ಮಾತ್ರ ಬರೆಯುತ್ತಿತ್ತು, ಸರಿಯಿದ್ದಾಗ ಸುಮ್ಮನಿರುತ್ತಿತ್ತು. ಕಾಗದ ಉಳಿಯಿತೆಂದು ಸಂತೋಷಪಟ್ಟೆವು. ಒಂದು ವಾರದ ಮೇಲೆ ನೋಡಿದರೆ ಎರಡು ದಿನ ಒಂದೂ ತಪ್ಪಿಲ್ಲ! ಜಾಲ ಸುಧಾರಿಸಿತೆಂದು ಹೇಳುವಷ್ಟರಲ್ಲಿ ಅಂಗಡಿಯ ಹುಡುಗ, ಕಸ ಗುಡಿಸುವಾಗ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದ್ದೆನೆಂದು ಒಪ್ಪಿಕೊಂಡ. ಮೇಷ್ಟರೇ ಶಾಲೆಗೆ ಬಾರದ ದಿನ ಹುಡುಗರೆಲ್ಲ ಹಾಜರೆಂದು ಲೆಕ್ಕ ಹಾಕಿದಂತಾಯಿತು. ಅಂದಿನಿಂದ "ಇದೆ" ಎಂಬುದನ್ನೂ ಪ್ರತಿ ನಿಮಿಷ ಬರೆಸುತ್ತೇವೆ. ಸಾಲೇ ಇಲ್ಲದ ನಿಮಿಷವನ್ನು ಜಾಲದ ತಪ್ಪಿಗೂ ಹಾಕುವುದಿಲ್ಲ, ಒಪ್ಪಿಗೂ ಹಾಕುವುದಿಲ್ಲ.

ಎರಡನೆಯ ತಪ್ಪು ಇನ್ನೂ ಚೆನ್ನಾಗಿದೆ. ಹಳೆಯ ಲ್ಯಾಪ್‌ಟಾಪಿನ ಗಡಿಯಾರಕ್ಕೆ ನಾಣ್ಯದ ಗಾತ್ರದ ಒಂದು ಬ್ಯಾಟರಿ ಇರುತ್ತದೆ. ನಮ್ಮದರಲ್ಲಿ ಅದು ಸತ್ತಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಗಡಿಯಾರ ತಾನು ಹುಟ್ಟಿದ ಕಾಲಕ್ಕೆ ಹಿಂದಿರುಗುತ್ತಿತ್ತು. ಜಾಲವಿದ್ದರೆ ಹೊರಗಿನಿಂದ ಕೇಳಿ ತಿದ್ದಿಕೊಳ್ಳುತ್ತದೆ. ಜಾಲವಿಲ್ಲದಾಗ ಯಾರನ್ನು ಕೇಳೀತು? ಎಂದರೆ ಸರಿಯಾದ ಹೊತ್ತು ಬೇಕಾದ ಗಳಿಗೆಯಲ್ಲೇ ತಪ್ಪು ಹೊತ್ತು. ಆ ಹತ್ತು ದಿನಗಳ ದಾಖಲೆಯನ್ನು ನಾವು ಹೆಮ್ಮೆಯಿಂದ ಒಯ್ದು ಅಧಿಕಾರಿಯೊಬ್ಬರ ಮುಂದಿಟ್ಟೆವು. ಅವರು ಕನ್ನಡಕ ಸರಿಪಡಿಸಿಕೊಂಡು, "ನಿಮ್ಮ ಜಾಲ ಬಿದ್ದದ್ದು 2009ನೆಯ ಇಸವಿಯ ಜನವರಿ ಒಂದನೆಯ ತಾರೀಖೋ?" ಎಂದು ಕೇಳಿದರು. ಮರುದಿನವೇ ಬ್ಯಾಟರಿ ಹಾಕಿಸಿದೆವು.

ಇಷ್ಟೆಲ್ಲ ಆದ ಮೇಲೆ ಮೂರು ವಾರದ ಒಳ್ಳೆಯ ದಾಖಲೆ ಕೈಗೆ ಬಂತು. ಖತಾವಣಿ ಹಾಕಿದೆವು. ಬಂದ ಉತ್ತರ ನಮಗೆ ಬೇಕಾದದ್ದಲ್ಲ. ಪೇಟೆಯಲ್ಲಿ ಜಾಲ ಬೀಳುತ್ತಿದ್ದುದು ಹೆಚ್ಚಾಗಿ ಸಂಜೆ ಐದೂವರೆಯಿಂದ ಏಳೂವರೆಯ ಒಳಗೆ. ಆಗೆಲ್ಲ ತಪ್ಪುತ್ತಿದ್ದುದು ಎರಡನೆಯ ಪ್ರಶ್ನೆ: ರೌಟರೇ ಓಗೊಡುತ್ತಿರಲಿಲ್ಲ. ಕಂಪನಿಯವರನ್ನು ನಾವು ಮೂರು ತಿಂಗಳಿಂದ ಬಯ್ಯುತ್ತಿದ್ದೆವು. ಅವರ ತಂತಿಯ ತನಕ ನಮ್ಮ ಕೂಗು ಹೋಗುತ್ತಲೇ ಇರಲಿಲ್ಲ! ಸಂಕೇತದ ಬಲ ಆಗಲೂ ಋಣ 58, ಏನೂ ಕಡಿಮೆಯಿಲ್ಲ. ಬಲವೂ ಇದೆ, ಉತ್ತರವೂ ಇಲ್ಲ. ರಿಪೇರಿ ಹುಡುಗ ಕೊಟ್ಟ ಹೋಲಿಕೆ ನಮಗೆ ಒಪ್ಪಿಗೆಯಾಯಿತು: ಮೇಷ್ಟರ ದನಿ ಗಟ್ಟಿಯಾಗಿಯೇ ಇದೆ, ಆದರೆ ಶಾಲೆಯ ಪಕ್ಕದಲ್ಲಿ ಡೊಳ್ಳು ಬಾರಿಸುತ್ತಿದ್ದಾರೆ.

ಡೊಳ್ಳು ಯಾರದು? ಸಂಜೆ ಐದೂವರೆಯಿಂದ ಏಳೂವರೆಯವರೆಗೆ ಪೇಟೆಯಲ್ಲಿ ಬಿಡುವಿಲ್ಲದೆ ನಡೆಯುವುದೇನು? ಬೇಕರಿಯ ಪಫ್ಸು. ಬೇಕರಿಯವರು ಇಲ್ಲೇ ಕುಳಿತಿದ್ದಾರೆ, ಅವರಪ್ಪಣೆ ಪಡೆದೇ ಹೇಳುತ್ತಿದ್ದೇವೆ. ತಣ್ಣಗಿನ ಪಫ್ಸನ್ನು ಬಿಸಿ ಮಾಡುವ ಮೈಕ್ರೋವೇವ್ ಒಲೆ ನಡೆಯುವುದು ಸುಮಾರು 2.45 ಗಿಗಾಹರ್ಟ್ಸಿನಲ್ಲಿ, ನಮ್ಮ ವೈಫೈ ಮೇಯುವ ಅದೇ ಗೋಮಾಳದಲ್ಲಿ. ಮನುಷ್ಯರಿಗೆ ಅಪಾಯವಾಗದಷ್ಟು ಸೋರಿಕೆಯೂ ವೈಫೈಯ ಸಣ್ಣ ದನಿಯನ್ನು ಮುಳುಗಿಸಲು ಸಾಕು. ಕಿರಾಣಿ ಅಂಗಡಿಯ ರೌಟರು ಇದ್ದದ್ದು ಬೇಕರಿಯ ಒಲೆಯ ಬೆನ್ನಿಗೇ, ಗೋಡೆಯ ಈಚೆಯ ಕಪಾಟಿನಲ್ಲಿ. ಒಂದು ಮಧ್ಯಾಹ್ನ ಬೇಕರಿಯವರು ಎರಡು ನಿಮಿಷ ಒಲೆ ಹಚ್ಚಿದರು: ಉತ್ತರ ನಿಂತಿತು. ಆರಿಸಿದರು: ಬಂತು. ಮೂರು ಸಲ ಮಾಡಿ ನೋಡಿದೆವು. ಮೂರು ಪಫ್ಸು ನಮ್ಮ ಪಾಲಿಗೆ ಬಂದವು.

ರೌಟರನ್ನು ಆ ಗೋಡೆಯಿಂದ ಆರಡಿ ದೂರ ಸರಿಸಿದೆವು. ಆ ಪಟ್ಟಿಯಲ್ಲಿ ಒಂದಕ್ಕೊಂದು ತಾಗದ ಮೂರು ಓಣಿಗಳಿವೆ, 1, 6 ಮತ್ತು 11 ಎಂಬ ಅಂಕಿಯವು. 11ರಲ್ಲಿದ್ದುದನ್ನು 1ಕ್ಕೆ ತಂದೆವು. ಹೊಸ ಫೋನುಗಳನ್ನು 5 ಗಿಗಾಹರ್ಟ್ಸಿನ ಬೇರೆ ಪಟ್ಟಿಗೆ ಸೇರಿಸಿದೆವು. ಅಲ್ಲಿ ಒಲೆಯ ಗದ್ದಲವಿಲ್ಲ, ಆದರೆ ಕಲ್ಲುಗೋಡೆ ಅದನ್ನು ಇನ್ನೂ ಬೇಗ ನುಂಗುತ್ತದೆ, ಆದುದರಿಂದ ಹತ್ತಿರದ ನಾಲ್ಕು ಅಂಗಡಿಗಳಿಗೆ ಮಾತ್ರ ಉಪಯೋಗ. ಖರ್ಚು ಒಂದು ಮಾರು ತಂತಿ. ಕಂಪನಿಗೆ ಕೊಟ್ಟ ಅರ್ಜಿಯಲ್ಲಿ ಆ ಭಾಗವನ್ನು ಹಿಂತೆಗೆದುಕೊಂಡು ಕಾಗದ ಬರೆದೆವು. ಹೀಗೆ ಬರೆಯಬಾರದಿತ್ತೆಂದು ಕೆಲವರ ಅಭಿಪ್ರಾಯ. ನಮಗೆ ಹಾಗೆ ತೋರುವುದಿಲ್ಲ. ಅದೇ ಕಾಗದದಲ್ಲಿ, ನಿಜವಾಗಿಯೂ ಅವರ ಕಡೆಯೇ ತಪ್ಪಿದ್ದ ಹೊತ್ತುಗಳ ಪಟ್ಟಿಯನ್ನೂ ಇಟ್ಟಿದ್ದೆವು. ಈ ಸಲ "ಎಲ್ಲವೂ ಸರಿಯಾಗಿದೆ" ಎಂಬ ಉತ್ತರ ಬರಲಿಲ್ಲ. ಮನುಷ್ಯನೇ ಬಂದು ಕಂಬದ ಮೇಲಿನ ಜೋಡಣೆಯನ್ನು ಬದಲಿಸಿ ಹೋದ.

ಗಿರಣಿಯ ವಿಷಯ ಇಷ್ಟು ಸುಲಭದ್ದಲ್ಲ.

ಗಿರಣಿಯ ಜಾಲಕ್ಕೆ ನಾವು ಸೇರುವಂತಿಲ್ಲ, ಸೇರಲೂ ಇಲ್ಲ. ಯಾರಾದರೂ ಗುಪ್ತಪದ ಕದ್ದು ತಂದುಕೊಡುವೆನೆಂದರೆ ಬೇಡವೆನ್ನಿರಿ. ಅದು ಅಪರಾಧ, ಅದಕ್ಕಿಂತ ಹೆಚ್ಚಾಗಿ ನಮ್ಮ ದಾಖಲೆಗೇ ಕಳಂಕ. ಆದರೆ ಪ್ರತಿಯೊಂದು ವೈಫೈ ಪೆಟ್ಟಿಗೆಯೂ ಸೆಕೆಂಡಿಗೆ ಸುಮಾರು 10 ಸಲ ತನ್ನ ಹೆಸರನ್ನು ಬೀದಿಗೆಲ್ಲ ಕೇಳುವಂತೆ ಕೂಗುತ್ತಿರುತ್ತದೆ. ನಿಮ್ಮ ಫೋನಿನಲ್ಲಿ ಅಕ್ಕಪಕ್ಕದವರ ವೈಫೈ ಹೆಸರುಗಳ ಪಟ್ಟಿ ಕಾಣುವುದು ಇದರಿಂದಲೇ. ಕೇಳಿಸಿಕೊಳ್ಳಲು ಯಾರ ಗುಪ್ತಪದವೂ ಬೇಡ. ಗೇಟಿನೆದುರಿನ ಚಹಾದ ಅಂಗಡಿಯಲ್ಲಿ ಎರಡನೆಯ ಲ್ಯಾಪ್‌ಟಾಪು ಇಟ್ಟೆವು. ಅದರ ಚೀಟಿಯಲ್ಲಿ ಒಂದೇ ಪ್ರಶ್ನೆ: ಹಾಜರಿ ಯಂತ್ರದ ವೈಫೈ ಈ ನಿಮಿಷ ತನ್ನ ಹೆಸರು ಕೂಗುತ್ತಿದೆಯೆ?

ಮಾರ್ಚ್ ಕೊನೆಯಲ್ಲಿ ಆರಂಭಿಸಿದೆವು. ಬಹುತೇಕ ಪ್ರತಿದಿನವೂ ಬೆಳಗಿನ ಹೊತ್ತು ಆ ಕೂಗು ಹತ್ತು ಹನ್ನೆರಡು ನಿಮಿಷ ಪೂರ್ತಿ ನಿಲ್ಲುತ್ತಿತ್ತು. ಕ್ಷೀಣವಾಗುವುದಲ್ಲ, ಒಂದೇ ಏಟಿಗೆ ಇಲ್ಲ. ಮೊದಲ ದಿನಗಳಲ್ಲಿ ಅದು ಆರು ಗಂಟೆಯ ಸುಮಾರಿಗೆ. ಏಪ್ರಿಲ್ ನಡುವೆ ಐದೂ ಮುಕ್ಕಾಲರ ಮೇಲೆ ಒಂದೆರಡು ನಿಮಿಷ. ತಿಂಗಳ ಕೊನೆಗೆ ಇನ್ನೂ ಮುಂಚೆ. ಮೋಡ ಕವಿದ ಎರಡು ದಿನ ಮಾತ್ರ ತಡವಾಯಿತು. ಹೊತ್ತು ಹೀಗೆ ಜಾರುವುದೇಕೆಂದು ನಾವು ತಲೆ ಕೆರೆದುಕೊಂಡೆವು. ಚಹಾದ ಅಂಗಡಿಯವರು ಸಾಲುಗಳನ್ನು ನೋಡಿ, "ಇದು ಬೆಳಕು ಹರಿಯೋ ಹೊತ್ತಲ್ಲವಾ ಮೇಷ್ಟ್ರೇ?" ಎಂದರು.

ಬೆಳಕು ಹರಿದಾಗ ಗೇಟಿನಲ್ಲಿ ಏನಾಗುತ್ತದೆ? ಕಾವಲುಗಾರ ಗೇಟಿನ ದೀಪ ಆರಿಸುತ್ತಾನೆ. ವೈಫೈ ಪೆಟ್ಟಿಗೆಗೆ ಕರೆಂಟು ಕೊಟ್ಟಿದ್ದುದು ಆ ದೀಪದ ಲೈನಿನಿಂದಲೇ! ದೀಪ ಆರಿತು, ಪೆಟ್ಟಿಗೆ ಸತ್ತಿತು, ಹಾಜರಿ ಯಂತ್ರ "ಮತ್ತೆ ಪ್ರಯತ್ನಿಸಿ" ಎಂದಿತು. ಸಾಲಿನ ಗಲಾಟೆ ಕೇಳಿ ಒಳಗಿನಿಂದ ಗುಮಾಸ್ತರು ಬಂದು ಇರುವ ಸ್ವಿಚ್ಚುಗಳನ್ನೆಲ್ಲ ಒತ್ತುತ್ತಿದ್ದರು. ಪೆಟ್ಟಿಗೆ ಜೀವ ಪಡೆಯುತ್ತಿತ್ತು, ದೀಪವೂ ಹತ್ತುತ್ತಿತ್ತು. ಗಿರಣಿಯ ಗೇಟಿನ ದೀಪ ನಡುಹಗಲಲ್ಲೂ ಉರಿಯುತ್ತಿರುವುದನ್ನು ನೀವು ನಾವು ಎಲ್ಲರೂ ಎಷ್ಟು ಸಲ ನೋಡಿಲ್ಲ! ದಂಡದ ಕರೆಂಟು ಎಂದು ಗೊಣಗಿ ಮುಂದೆ ಹೋಗಿದ್ದೇವೆ.

ಈ ಪಟ್ಟಿಯನ್ನು ಆಫೀಸಿಗೆ ಕೊಟ್ಟೆವು. ಮೂರು ದಿನದಲ್ಲಿ ಪೆಟ್ಟಿಗೆಗೆ ಬೇರೆ ಲೈನು ಬಂತು. ಆದರೆ ಜೊತೆಗೇ ಕಾವಲುಗಾರನಿಗೆ ನೋಟೀಸೂ ಬಂತು: ಕರ್ತವ್ಯದಲ್ಲಿ ಅಲಕ್ಷ್ಯ. ಅವನು ಗುತ್ತಿಗೆಯ ಮನುಷ್ಯ, ಐವತ್ತು ದಾಟಿದವನು. ನಮ್ಮ ಮನೆಗೇ ಬಂದು, "ಮೇಷ್ಟ್ರೇ, ದೀಪ ಆರಿಸು ಅಂತ ಹೇಳಿದವರು ಅವರೇ ಅಲ್ಲವೆ? ನಾನೇನು ತಪ್ಪು ಮಾಡಿದೆ?" ಎಂದು ಕೇಳಿದ. ನಿಮಿಷ ನಿಮಿಷವೂ ಬರೆದಿಟ್ಟ ನಮ್ಮ ಪುಸ್ತಕ ಅವನ ಕೊರಳಿಗೇ ಬಂದಿತ್ತು. ಆ ರಾತ್ರಿ ನಮಗೆ ಊಟ ಸೇರಲಿಲ್ಲ.

ಮರುದಿನ ಇನ್ನೊಂದು ಕಾಗದ ಬರೆದೆವು. ದಾಖಲೆ ಹೇಳುವುದು ಪೆಟ್ಟಿಗೆ ಯಾವಾಗ ಸತ್ತಿತೆಂಬುದನ್ನು ಮಾತ್ರ. ದೀಪ ಆರಿಸುವುದು ಆತನ ಕೆಲಸ, ಆತ ತನ್ನ ಕೆಲಸ ಮಾಡಿದ್ದಾನೆ. ತಪ್ಪಿರುವುದು ಲೈನು ಎಳೆದ ರೀತಿಯಲ್ಲಿ. ಅದನ್ನು ಎಳೆಸಿದವರಾರೆಂಬುದು ನಿಮ್ಮ ಕಡತದಲ್ಲೇ ಇದೆ ಎಂದು. ನೋಟೀಸು ಹಿಂದೆ ಹೋಯಿತು. ಆದರೂ ಅವನನ್ನು ಹಿಂದಣ ಗೇಟಿಗೆ ಹಾಕಿದ್ದಾರೆ. ಆ ಮಾತು ಇನ್ನೂ ಮುಗಿದಿಲ್ಲ. ಕೂಲಿಯ ವಿಷಯದಲ್ಲಿ, ಗೈರುಹಾಜರಿಯ ಅವಧಿಗೆ ಮೀರಿದ ಪ್ರಮಾಣದಲ್ಲಿ ಕಡಿತ ಮಾಡಬಾರದೆಂಬುದು 1936ರ ವೇತನ ಪಾವತಿ ಕಾಯಿದೆಯ ಕಾಲದಿಂದ ಬಂದ ನಿಯಮ. ಹತ್ತು ನಿಮಿಷಕ್ಕೆ ಅರ್ಧ ದಿನ ಹೇಗೆಂದು ಕೇಳಿದೆವು. ನಮ್ಮ ದಾಖಲೆ ಇದ್ದ ದಿನಗಳ ಅರ್ಧ ಕೂಲಿ ಹಿಂದಕ್ಕೆ ಬಂತು. ಅದರ ಹಿಂದಿನ ತಿಂಗಳುಗಳದ್ದು ಬರಲಿಲ್ಲ. ದಾಖಲೆ ಎಲ್ಲಿದೆ ಎಂದರು. ಇರಲಿಲ್ಲ.

ಹಾಜರಿಯನ್ನು ತನ್ನೊಳಗೇ ಇಟ್ಟುಕೊಂಡು ಜಾಲ ಬಂದಾಗ ಕಳಿಸುವ ಯಂತ್ರಗಳೂ ಇವೆ. ಅಂಥದನ್ನು ತರಿಸಬೇಕೆಂಬುದು ನಮ್ಮ ಮುಂದಿನ ಬೇಡಿಕೆ. ಬೆರಳೊತ್ತಿದ ಹೊತ್ತೇ ಬಂದ ಹೊತ್ತಾಗಬೇಕಲ್ಲದೆ ಜಾಲಕ್ಕೆ ಮನಸ್ಸಾದ ಹೊತ್ತಲ್ಲ.

ಇಲ್ಲಿ ಲೆಕ್ಕದ ಒಂದು ಮಾತು, ಏಕೆಂದರೆ ನಿಮ್ಮನ್ನು ಲೆಕ್ಕದಿಂದಲೇ ಸುಮ್ಮನಾಗಿಸುತ್ತಾರೆ. "ನಮ್ಮ ಸೇವೆ ನೂರಕ್ಕೆ 99ರಷ್ಟು ಹೊತ್ತು ಇರುತ್ತದೆ" ಎಂದರೆ ಕೇಳಲು ಬಹಳ ಚೆನ್ನ. ನಮ್ಮ ಶಾಲೆಯಲ್ಲಿ 99 ಬಂದವನಿಗೆ ಹಾರ ಹಾಕುತ್ತಿದ್ದೆವು. ಮೂವತ್ತು ದಿನದ ತಿಂಗಳಿಗೆ 720 ಗಂಟೆ. ನೂರಕ್ಕೆ ಒಂದೆಂದರೆ 7 ಗಂಟೆ 12 ನಿಮಿಷ. ದಿನಕ್ಕೆ ಹಂಚಿದರೆ 14 ನಿಮಿಷದ ಮೇಲೆ. ಆ 14 ನಿಮಿಷ ನಡುರಾತ್ರಿ ಬಿದ್ದರೆ ಬೆಕ್ಕಿಗೂ ಗೊತ್ತಾಗದು. ಬೆಳಿಗ್ಗೆ ಐದೂ ಮುಕ್ಕಾಲಕ್ಕೆ ಬಿದ್ದರೆ ಒಂದು ಪಾಳಿಯ ಕೂಲಿ ಹೋಯಿತು. ಸಂತೆಯ ಸಂಜೆ ಬಿದ್ದರೆ ವ್ಯಾಪಾರ ಹೋಯಿತು. ನೂರಕ್ಕೆ 99.9 ಎಂದರೂ ತಿಂಗಳಿಗೆ 43 ನಿಮಿಷ ಉಳಿಯುತ್ತದೆ. ಶೇಕಡವನ್ನು ಕೇಳಬೇಡಿ, ಗಡಿಯಾರವನ್ನು ಕೇಳಿರಿ.

ಸರಕಾರದ ನಿಯಮಗಳಿಲ್ಲವೆ ಎಂದು ಒಬ್ಬರು ಕೇಳಿದ್ದರು. ಇವೆ. 2024ರ ಆಗಸ್ಟಿನಲ್ಲಿ ಟ್ರಾಯ್, ಎಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಹೊರಡಿಸಿದ ಗುಣಮಟ್ಟದ ನಿಯಮಗಳಲ್ಲಿ, ಜಿಲ್ಲಾ ಮಟ್ಟದಲ್ಲಿ ಸೇವೆ 24 ಗಂಟೆ ಮೀರಿ ನಿಂತರೆ ಬಿಲ್ಲಿನ ಗ್ರಾಹಕರಿಗೆ ಬಾಡಿಗೆಯಲ್ಲಿ ಕಡಿತ, ಮುಂಗಡ ಕೊಟ್ಟವರಿಗೆ ಅವಧಿಯ ವಿಸ್ತರಣೆ ಎಂದಿದೆ. ಒಳ್ಳೆಯದೇ. ಆದರೆ ನಮ್ಮ ಪೇಟೆಯ 14 ನಿಮಿಷ ಜಿಲ್ಲೆಯೂ ಅಲ್ಲ, 24 ಗಂಟೆಯೂ ಅಲ್ಲ. ಅದರ ಲೆಕ್ಕವನ್ನು ನಮ್ಮ ಪರವಾಗಿ ಬೇರೆಯವರು ಇಡಲಾರರು.

ಕಾವಲುಗಾರನ ಪ್ರಸಂಗವಾದ ಮೇಲೆ ನಾವು ಚೀಟಿಯಲ್ಲಿ ಒಂದು ತಿದ್ದುಪಡಿ ಮಾಡಿದೆವು. ಗಾಳಿಯಲ್ಲಿ ಕೇಳಿಸುವ ಹೆಸರುಗಳಲ್ಲಿ ನಮಗೆ ಬೇಕಾದ ಒಂದನ್ನು ಬಿಟ್ಟು ಮಿಕ್ಕವನ್ನು ಬರೆಯುವುದಿಲ್ಲ. ಯಾರ ಫೋನು ಯಾವಾಗ ಬಂತು, ಯಾವಾಗ ಹೋಯಿತು ಎಂಬುದನ್ನು ಬರೆಯುವುದೂ ಈ ಯಂತ್ರಕ್ಕೆ ಕಷ್ಟವಲ್ಲ. ಒಬ್ಬ ವರ್ತಕ ಮಿತ್ರರು, ಅವರು ಬೇಸರ ಮಾಡಿಕೊಳ್ಳಬಾರದು, ತಮ್ಮ ಅಂಗಡಿಯ ಹುಡುಗ ಎಷ್ಟು ಹೊತ್ತು ಹೊರಗೆ ಸುತ್ತುತ್ತಾನೆಂದು ಇದರಿಂದ ತಿಳಿಯಬಹುದೆ ಎಂದು ಕೇಳಿದರು. ತಿಳಿಯಬಹುದು. ನಾವು ಮಾಡಿಕೊಡುವುದಿಲ್ಲ. ಗೇಟಿನಲ್ಲಿ ನಮ್ಮ ಬೆರಳನ್ನು ಒತ್ತಿಸಿಕೊಂಡು ಅನುಭವಿಸಿದ್ದು ಸಾಕು; ಹಾಜರಿ ಹಾಕುವುದಾದರೆ ಪೆಟ್ಟಿಗೆಗೆ ಹಾಕೋಣ.

ಇನ್ನು ಕೆಲಸದ ಮಾತು. ಬಸ್ ನಿಲ್ದಾಣದ ಹಿಂದಿನ ಸಾಲಿನವರೂ ಅಕ್ಕಿ ಗಿರಣಿಗಳ ಕಡೆಯವರೂ ತಮಗೂ ಇದು ಬೇಕೆಂದಿದ್ದಾರೆ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲಿಯೇ ಸೇರೋಣ. ಮನೆಯಲ್ಲಿ ಮೂಲೆಗೆ ಬಿದ್ದ ಲ್ಯಾಪ್‌ಟಾಪು ಇದ್ದರೆ ತನ್ನಿರಿ, ತೆರೆ ಒಡೆದಿದ್ದರೂ ಚಿಂತೆಯಿಲ್ಲ, ಚಾರ್ಜರನ್ನು ಮಾತ್ರ ಮರೆಯಬೇಡಿ. ಚೀಟಿಯನ್ನು ನಕಲು ಮಾಡಿಕೊಡುತ್ತೇವೆ, ದುಡ್ಡಿಲ್ಲ. ಗಡಿಯಾರದ ಬ್ಯಾಟರಿಯನ್ನು ಮೊದಲು ನೋಡುತ್ತೇವೆ. ಮತ್ತು ಪ್ರತಿ ಸಾಲಿನಿಂದ ಒಬ್ಬರು, ವಾರಕ್ಕೊಮ್ಮೆ ಕೂತು ಖತಾವಣಿ ಹಾಕುವವರು, ಹೆಸರು ಕೊಡಬೇಕು. ಯಂತ್ರ ಬರೆಯುತ್ತದೆ, ಓದುವುದಿಲ್ಲ. ಚಹಾದ ಅಂಗಡಿಯವರು ತಮ್ಮ ಹೆಸರನ್ನು ಆಗಲೇ ಬರೆಸಿದ್ದಾರೆ.